ಅದು, ಅವನು, ಅವು

ನವೆಂಬರ್ 17, 2024. ಭಾನುವಾರ
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು

ಸಂಪಾದಕರ ಫೋನು ಬಂದಿತ್ತು. ಆನೆಗಳ ಮೇಲೊಂದು ಪ್ರಬಂಧ ಬೇಕಂತೆ, ಡಿಸೆಂಬರ್ ಎರಡನೇ ವಾರದೊಳಗೆ. ವರದಿ ಬೇಡ, ನಿಮ್ಮ ತವರಿನ ಆನೆ ಬರಲಿ ಎಂದರು. ಒಪ್ಪಿಕೊಂಡೆ. ಹೇಗೂ ಭತ್ತದ ಕೊಯ್ಲು ಮುಗಿಯುವವರೆಗೆ ಇಲ್ಲೇ ಇರುವವಳು.

ಅಟ್ಟದಿಂದ ಹಳೇ ಪೇಪರಿನ ಕಟ್ಟು ಇಳಿಸಿಕೊಂಡು ಕೂತೆ. ಸುದ್ದಿ ಓದಲಿಲ್ಲ, ತಲೆಬರಹದ ಪದಗಳನ್ನಷ್ಟೇ ಬರೆದುಕೊಂಡೆ. ದಾಳಿ. ಲಗ್ಗೆ. ಹಾವಳಿ. ಉಪಟಳ. ದಾಂಧಲೆ. ಅಟ್ಟಹಾಸ. ಪುಂಡಾನೆ. ಕಾರ್ಯಾಚರಣೆ. ಸೆರೆ. ಅರ್ಧ ಯುದ್ಧಭೂಮಿಯವು, ಇನ್ನರ್ಧ ಪೊಲೀಸ್ ಠಾಣೆಯವು. ಲಗ್ಗೆ ಹಾಕುವುದು ಕೋಟೆಗೆ. ಅಣ್ಣನ ಗದ್ದೆಗೆ ಇರುವುದು ಒಂದು ಬದು.

ಇನ್ನೊಂದು ಕಡೆಯ ಪದಗಳೂ ಅದೇ ಕಟ್ಟಿನಲ್ಲಿದ್ದವು, ಭಾನುವಾರದ ಪುರವಣಿಗಳಲ್ಲಿ. ಗಜರಾಜ. ಮೂಕಪ್ರಾಣಿ. ಮುಗ್ಧ ಕಂಗಳು. ವನದೇವಿಯ ಮಡಿಲು. ಇವು ನನಗೆ ಮೊದಲಿನವಕ್ಕಿಂತ ಹೆಚ್ಚು ಕಸಿವಿಸಿ ಮಾಡಿದವು. ದಾಳಿ ಅಂದವನು ಕೊನೇಪಕ್ಷ ಹೆದರಿದ್ದಾನೆ. ಮುಗ್ಧ ಕಂಗಳು ಅಂದವನು ಎಲ್ಲಿ ನಿಂತು ನೋಡಿದ?

ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಆನೆ ಕಾಣಲಿಲ್ಲ.

ನವೆಂಬರ್ 18. ರಾತ್ರಿ, ಎರಡು ಗಂಟೆ ದಾಟಿದೆ

"ಬಂದಾವೆ."

ಅಣ್ಣ ಹಜಾರದಿಂದ ಅಷ್ಟೇ ಅಂದದ್ದು. ಯಾವುವು, ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಇಡೀ ಮನೆ ಎದ್ದಿತು. ಅತ್ತಿಗೆ ಮಗನ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಅವ್ವ ಹಾಸಿಗೆಯಲ್ಲೇ ಎದ್ದು ಕೂತು, "ದೊಡ್ಡೋರಾ?" ಅಂದಳು. ರಾತ್ರಿ ಹೊತ್ತು ಅವಳು ಆನೆಯ ಹೆಸರು ಹಿಡಿಯುವುದಿಲ್ಲ. ಹಾವನ್ನೂ ಅಷ್ಟೇ, ಹುಳ ಅನ್ನುತ್ತಾಳೆ.

ಮೊದಲು ಕೇಳಿದ್ದು ಬೈನೆ ಮರ ಮುರಿದ ಸದ್ದು. ಆಮೇಲೆ ನೀರಿನಲ್ಲಿ ಕಾಲು ಕಿತ್ತಿಡುವ ಸದ್ದು, ನಿಧಾನ. ಗಾಬರಿಯ ಸದ್ದಲ್ಲ ಅದು. ತಮ್ಮ ಪಾಡಿಗೆ ಉಣ್ಣುತ್ತಿದ್ದವು. ಗಾಬರಿ ನಮ್ಮದು. ಅಣ್ಣ ಪಟಾಕಿ ಹಚ್ಚಲಿಲ್ಲ. ಮರಿ ಇದ್ದರೆ ತಿರುಗಿಬೀಳುತ್ತವೆ ಎಂದ.

ಈಗ ಸದ್ದಿಲ್ಲ. ಹೋದವೋ, ನಿಂತಿವೆಯೋ ಗೊತ್ತಿಲ್ಲ. ನಿಂತಿದ್ದರೂ ಸದ್ದಿರುವುದಿಲ್ಲ.

ಕೈ ನಡುಗುತ್ತಿರುವುದರಿಂದ ಅಕ್ಷರ ಹೀಗಿದೆ. ಇದನ್ನು ಪ್ರಬಂಧದಲ್ಲಿ ಹೇಗೆ ಹೇಳುವುದು? 'ಭಯವಾಯಿತು' ಅಂದರೆ ಸುಳ್ಳಲ್ಲ. ಆದರೆ ಓದುವವರಿಗೆ ಅದರಿಂದ ಏನೂ ಆಗುವುದಿಲ್ಲ. 'ಬಂದಾವೆ' ಎನ್ನುವುದರಲ್ಲಿ ಇರುವುದು ಅದರಲ್ಲಿಲ್ಲ.

ನವೆಂಬರ್ 19. ಬೆಳಿಗ್ಗೆ

ಗದ್ದೆಗೆ ಹೋಗಿ ಬಂದೆ. ಇಂಟಾನ್ ಭತ್ತ, ತೆನೆ ಬಾಗಿತ್ತು. ಇನ್ನೊಂದು ವಾರದಲ್ಲಿ ಕೊಯ್ಲು ಎಂದುಕೊಂಡಿದ್ದರು. ಮೇಲಿನ ಮಡಿಗಳು ಹಾಗೇ ಇವೆ. ಕೆಳಗಿನ ಎರಡು ಮಡಿಯಲ್ಲಿ ಪೈರು ಮಲಗಿದೆ. ಹೆಜ್ಜೆಯ ಗುಂಡಿಗಳಲ್ಲಿ ನೀರು ನಿಂತಿದೆ. ಒಂದರ ಪಕ್ಕದಲ್ಲಿ ಇನ್ನೊಂದು, ಅಂಗೈಗಿಂತ ತುಸು ದೊಡ್ಡದು. ಮರಿ ಇತ್ತು.

ಯಾವ ಕ್ರಿಯಾಪದ? ತುಳಿದಿವೆ. ಮೇದಿವೆ. ನುಗ್ಗಿವೆ. ಹಾಯ್ದಿವೆ. ದಾಟಿವೆ. ಇಳಿದಿವೆ. ನುಗ್ಗಿದ್ದು ಅಲ್ಲವೇ ಅಲ್ಲ. ಬದುವಿನ ಒಂದು ಕಡೆ ಮಾತ್ರ ಕುಸಿದಿದೆ, ಒಂದರ ಹಿಂದೆ ಒಂದು ಬಂದ ಗುರುತು. ತುಳಿದಿವೆ ಅಂದರೆ ತುಳಿಯಲೆಂದೇ ಬಂದವು ಅನ್ನಿಸುತ್ತದೆ. ದಾಟಿವೆ ಅಂದರೆ ಅಣ್ಣನಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಇಳಿದಿವೆ, ಇದು ಅಣ್ಣನ ಮಾತೇ. "ನಿನ್ನೆ ಗದ್ದೆಗೆ ಇಳಿದಾವೆ ಮಾರಾಯ" ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಗದ್ದೆಗೆ ಇಳಿಯುವುದು ನಾವು ನಾಟಿಗೆ, ಕೊಯ್ಲಿಗೆ ಹೇಳುವ ಪದ. ಅದನ್ನೇ ಆನೆಗೂ ಕೊಟ್ಟಿದ್ದಾನೆ, ಗೊತ್ತಿಲ್ಲದೆ.

ಪಕ್ಕದವರ ಗದ್ದೆ ಹಡ್ಲು ಬಿದ್ದು ಬಹಳ ವರ್ಷವಾಯಿತು. ಆನೆ ಕಾಟಕ್ಕೇ ಬಿಟ್ಟರು. ಅಲ್ಲೀಗ ಹುಲ್ಲು, ಲಂಟಾನ.

ಸಂಜೆ

ಅಣ್ಣ ಪರಿಹಾರದ ಅರ್ಜಿ ಬರೆಯುತ್ತಿದ್ದ. ಓದಿ ಹೇಳು ಎಂದು ಕೊಟ್ಟ. ಸದರಿ ಜಮೀನಿನಲ್ಲಿ ಬೆಳೆದಿದ್ದ ಭತ್ತದ ಪೈರನ್ನು ಕಾಡಾನೆಗಳು ತಿಂದು ತುಳಿದು ಹಾಳು ಮಾಡಿರುತ್ತವೆ. ಸದರಿ, ಇರುತ್ತವೆ: ಕಚೇರಿಯ ಕನ್ನಡ. ಬೈಗುಳವಿಲ್ಲ, ಗೋಳಿಲ್ಲ. ನಿನ್ನೆ ರಾತ್ರಿ ನಿದ್ದೆಯಿಲ್ಲದೆ ಕೆಂಪಾದ ಕಣ್ಣಿನವನು ಬರೆದದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ನನಗೆ ತಿಳಿದಿದ್ದರಿಂದ ಆ ವಾಕ್ಯ ಓದಿ ಗಂಟಲು ಕಟ್ಟಿತು. ಹಾಗಾದರೆ ಭಾವ ಪದದಲ್ಲಿತ್ತೇ, ನನ್ನಲ್ಲಿತ್ತೇ?

ನವೆಂಬರ್ 21. ಗುರುವಾರ

ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ತೆಗೆದೆ. 1953ರ ಪುಸ್ತಕ, ನನ್ನ ಪ್ರತಿ ಕಾಲೇಜಿನ ದಿನಗಳದ್ದು, ಅಂಚಿನಲ್ಲಿ ನನ್ನ ಆಗಿನ ದುಂಡು ಅಕ್ಷರ. ಸ್ವಶಬ್ದವಾಚ್ಯತ್ವ. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು. ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ರಸದೋಷಗಳ ಪಟ್ಟಿಗೆ ಇದನ್ನು ಸೇರಿಸಿದ್ದಾನೆ. ಶೃಂಗಾರ ಎಂದು ಬರೆದ ಮಾತ್ರಕ್ಕೆ ಶೃಂಗಾರ ಹುಟ್ಟುವುದಿಲ್ಲ, ಭಯ ಎಂದ ಮಾತ್ರಕ್ಕೆ ಭಯಾನಕ ಹುಟ್ಟುವುದಿಲ್ಲ. ಭಾವವನ್ನು ತರುವುದು ವಿಭಾವ ಅನುಭಾವಗಳು: ಕಾರಣವಾದ ವಸ್ತು, ಮೈಯಲ್ಲಿ ಕಾಣುವ ಗುರುತು. ಮುರಿದ ಬೈನೆ. ಬಾಗಿಲಿಗೆ ಹೋಗಿ ನಿಂತ ಅತ್ತಿಗೆ.

ಆಗ ಪರೀಕ್ಷೆಗೆ ಓದಿದ್ದು. ಇವತ್ತು ಬೇರೆಯಾಗಿ ಓದಿಸಿಕೊಂಡಿತು.

ಆದರೆ ಒಂದು ತಕರಾರು. ಆ ಮೀಮಾಂಸೆಯಲ್ಲಿ ಪ್ರಕೃತಿಗೆ ಸಿಕ್ಕ ಜಾಗ ಬಹುಮಟ್ಟಿಗೆ ಉದ್ದೀಪನ ವಿಭಾವದ್ದು. ಬೆಳದಿಂಗಳು, ಕೋಗಿಲೆ, ಮಳೆಗಾಲದ ಮೋಡ, ಎಲ್ಲ ನಾಯಕ ನಾಯಿಕೆಯರ ಭಾವವನ್ನು ಕೆದಕಿ ಹೆಚ್ಚಿಸಲಿಕ್ಕೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ, ಪರ್ವತ, ಋತು, ಚಂದ್ರೋದಯ ಎಲ್ಲ ಉಂಟು, ಒಂದೂ ತನಗಾಗಿ ನಿಂತಿಲ್ಲ. ಆನೆ ತನ್ನ ಹಸಿವಿಗೆ ತಾನು ಬಂದದ್ದನ್ನು ಬರೆಯಲು ಅಲ್ಲಿ ಯಾವ ಖಾನೆ?

ಅತ್ತಿಗೆ ಇವತ್ತು ಅಡುಗೆಮನೆಯಲ್ಲಿ ಹೇಳಿದರು: "ನಂಗೆ ಹೆದರಿಕೆ ಆಗುತ್ತೆ ಕಣೇ. ಇವನು ಟ್ಯೂಷನ್ ಮುಗಿಸಿ ಬರೋದು ಕತ್ತಲಾದ ಮೇಲೆ." ಹೆದರಿಕೆ ಎಂಬ ಪದವನ್ನೇ ಬಳಸಿದರು. ಅದರಲ್ಲಿ ಯಾವ ದೋಷವೂ ನನಗೆ ಕೇಳಲಿಲ್ಲ. ಕೈ ಅಕ್ಕಿ ಆರಿಸುತ್ತಲೇ ಇತ್ತು.

ನವೆಂಬರ್ 22

ಕುವೆಂಪು, ತೇಜಸ್ವಿ, ಸ್ವಾಮಿ. ಮೂವರನ್ನೂ ಮೇಜಿನ ಮೇಲೆ ಹರಡಿಕೊಂಡು ಇಡೀ ದಿನ ಹೋಯಿತು. ಬರೆದದ್ದು ಸೊನ್ನೆ.

'ಮಲೆಗಳಲ್ಲಿ ಮದುಮಗಳು' ಕೊನೆ ಮತ್ತೆ ಓದಿದೆ. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವುದು. ನಾಯಿ ಅದು, ಗುತ್ತಿಯ ನಾಯಿ. ಅಷ್ಟು ದೊಡ್ಡ ಕಾದಂಬರಿಯಲ್ಲಿ ಎಷ್ಟೋ ಮನುಷ್ಯರ ಸಾವು ಮರೆತಿದೆ, ಇದು ಮರೆಯುವುದಿಲ್ಲ. ಕುವೆಂಪು ಸಂಸ್ಕೃತದ ಉದ್ದ ಸಮಾಸಗಳನ್ನು ಕಾಡಿನ ಭವ್ಯತೆಗೆ ಕರೆಯುತ್ತಾರೆ. ಹಳ್ಳದ ಕೆಸರಿಗೆ, ನಾಯಿಗೆ, ಹಸಿವಿಗೆ ಮಲೆನಾಡಿನ ಮನೆಮಾತು ಸಾಕು ಅವರಿಗೆ. ನನ್ನ ಎದೆಗೆ ತಾಗುವುದು ಈ ಎರಡನೆಯದು. ಮೊದಲನೆಯದರ ಮುಂದೆ ಕೈಮುಗಿದು ನಿಲ್ಲುತ್ತೇನೆ, ಅಷ್ಟೇ.

ತೇಜಸ್ವಿಯವರಲ್ಲಿ ಬೆರಗು ಎನ್ನುವುದು ಪ್ರಶ್ನೆಯ ರೂಪದಲ್ಲಿ ಬರುತ್ತದೆ. 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ಆ ಗುಂಪು. ಅದನ್ನು ಕಂಡಾಗಿನ ಭಾವ ದೊಡ್ಡದು, ಅದಕ್ಕೆ ದೊಡ್ಡ ಪದ ಬೇಕಾಗಲಿಲ್ಲ. ಹುಡುಕಾಟವೇ ಅಷ್ಟೂ ಪುಟ ಅದನ್ನು ಹೊತ್ತು ತಂದಿತ್ತು.

ಬಿ.ಜಿ.ಎಲ್. ಸ್ವಾಮಿ ಇನ್ನೂ ಬೇರೆ. 'ಹಸುರು ಹೊನ್ನು' ತುಂಬ ಗಿಡಗಳ ಹೆಸರು, ಅವರೇ ಬರೆದ ಚಿತ್ರ. ಗಿಡದ ಹೆಸರನ್ನು ಸರಿಯಾಗಿ ಹೇಳುವುದರಲ್ಲೇ ಅವರ ಪ್ರೀತಿ ಇದೆ. 'ಒಂದು ಮರ' ಎಂದು ಬರೆದವನಿಗೂ 'ಬೈನೆ' ಎಂದು ಬರೆದವನಿಗೂ ಮರದ ಜೊತೆಗಿನ ಬಳಕೆ ಒಂದೇ ಅಲ್ಲ. ಆನೆಗಂತೂ ಅದು ಬೈನೆಯೇ. ಮಡಿಯ ಪಕ್ಕದಲ್ಲಿ ಬೇರೆ ಮರಗಳೂ ಇದ್ದವು, ಮುಟ್ಟಿಲ್ಲ.

ಹಸಿರು ಸೀರೆ ಉಟ್ಟ ಭೂದೇವಿಯನ್ನು ಇನ್ನು ಯಾರೂ ಬರೆಯದಿರಲಿ. ಆ ಸೀರೆ ಸವೆದು ಹೋಗಿದೆ.

ನವೆಂಬರ್ 24. ಭಾನುವಾರ

ಇವತ್ತಿನದು ಮುಖ್ಯ ಅನ್ನಿಸುತ್ತಿದೆ. ಬೇಗ ಬರೆದಿಡಬೇಕು.

ಅಣ್ಣನ ಮಗ ತಿಂಡಿ ತಿನ್ನುತ್ತ ಮೊಬೈಲ್ ನೋಡಿ, "ಬೀಟಮ್ಮ ರಾತ್ರಿ ರಸ್ತೆ ದಾಟಿದ್ಲಂತೆ" ಎಂದ. ದಾಟಿದ್ಲು! ದಾಟಿತು ಅಲ್ಲ. ಹಾಸನದ ಈ ಸೀಮೆಯಲ್ಲಿ ಓಡಾಡುವ ಆನೆಗಳಿಗೆ ಹೆಸರಿವೆ: ಬೀಟಮ್ಮ, ಭುವನೇಶ್ವರಿ, ಭೀಮ, ಕರಡಿ. ಗುಂಪು ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಜನರಿಗೆ ತಿಳಿಸುತ್ತಾರೆ. ಕೆಲಸದವರನ್ನು ಯಾವ ಕಡೆ ಕಳಿಸಬೇಕು ಎಂದು ಅಣ್ಣ ದಿನಾ ಅದನ್ನು ನೋಡಿಯೇ ತೀರ್ಮಾನಿಸುವುದು.

ನಮ್ಮ ಭಾಷೆಯಲ್ಲಿ ಪ್ರಾಣಿಗಳೆಲ್ಲ ನಪುಂಸಕ. ಹಸು ಬಂತು, ಹುಲಿ ಬಂತು, ಆನೆ ಬಂತು. ಹೆಸರಿಟ್ಟ ಕೂಡಲೇ ಕ್ರಿಯಾಪದದ ತುದಿ ಬದಲಾಗುತ್ತದೆ. ಆನೆ ಬಂತು. ಭೀಮ ಬಂದ. ಈ ಎರಡು ವಾಕ್ಯದ ನಡುವೆ ಏನೆಲ್ಲ ಇದೆ. ಎರಡನೆಯದರಲ್ಲಿ ಬಂದವನಿಗೆ ಒಂದು ಸ್ವಭಾವವಿದೆ, ನಿನ್ನೆ ಇದೆ. ಅವನ ಮೇಲೆ ಸಿಟ್ಟಾಗಬಹುದು. ಸಿಟ್ಟು ಕೂಡ ಪರಿಚಯದವರ ಮೇಲಿನ ಸಿಟ್ಟು. "ಭೀಮ ಯಾರಿಗೂ ಏನೂ ಮಾಡಲ್ಲ ಅತ್ತೆ, ಅವನ ಪಾಡಿಗೆ ಹೋಗ್ತಾನೆ" ಅನ್ನುತ್ತಾನೆ ಹುಡುಗ. ಅವನ ಅಮ್ಮ ಅದಕ್ಕೆ, "ಆನೆ ಆನೆನೇ ಕಣೋ. ಅದಕ್ಕೇನು ಗೊತ್ತು ನೀನು ಯಾರಂತ?" ಎಂದರು. ಒಂದೇ ಮೇಜಿನಲ್ಲಿ ಅವನು ಮತ್ತು ಅದು. ತಾಯಿ 'ಅದು' ಅಂದದ್ದು ತಾತ್ಸಾರದಿಂದಲ್ಲ. ಮಗ ಹತ್ತಿರ ಹೋಗದಿರಲಿ ಎಂದು.

ಕನ್ನಡದಲ್ಲಿ ಇದರಿಂದ ತಪ್ಪಿಸಿಕೊಳ್ಳಲಿಕ್ಕೇ ಆಗುವುದಿಲ್ಲ. ಒಂದೊಂದು ವಾಕ್ಯ ಮುಗಿಯುವಾಗಲೂ ಬರೆಯುವವಳು ತಾನು ಎಲ್ಲಿ ನಿಂತಿದ್ದೇನೆ ಎಂದು ಹೇಳಿಯೇ ಮುಂದೆ ಹೋಗಬೇಕು. ವಿಶೇಷಣ ಬೇಡವೆಂದರೆ ಬಿಡಬಹುದು. ಕ್ರಿಯಾಪದದ ತುದಿಯನ್ನು ಬಿಡುವುದು ಹೇಗೆ? ಸುಂದರ, ಭೀಕರ, ಮನೋಹರ ಇವೆಲ್ಲ ಮೇಲೆ ಹಚ್ಚಿದ ಬಣ್ಣ. '-ಇತು', '-ದ', '-ದಳು' ಇವು ಒಳಗಿನ ಮಾತು, ಯಾರೂ ಗಮನಿಸದೆ ಹಾದುಹೋಗುತ್ತವೆ, ಅದಕ್ಕೇ ಹೆಚ್ಚು ಬಲ.

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ. ಅದರಲ್ಲಿ ಹೆಸರಿರುವವು ಎಷ್ಟು? ಹೆಸರಿಲ್ಲದವು ನಾಳೆ ಒಂದು ಕರೆಂಟ್ ತಂತಿಗೆ ಸಿಕ್ಕರೆ 'ಆನೆ ಸತ್ತಿತು'.

ನವೆಂಬರ್ 28

ಕಾಫಿ ಹಣ್ಣು ಕುಯ್ಯಲು ಬರುವವರಲ್ಲಿ ಒಬ್ಬಳ ತಮ್ಮ ಕೆಲವು ವರ್ಷದ ಹಿಂದೆ ಆನೆಯಿಂದ ಸತ್ತವನು. ನನಗೆ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ಇವತ್ತು ಊಟದ ಹೊತ್ತಿಗೆ ತಾನೇ ಹೇಳಿದಳು. ಬೆಳಿಗ್ಗೆ ಮಂಜಿತ್ತು. ಹಾಲು ಹಾಕಲು ಹೋಗಿದ್ದ. ತಿರುವಿನಲ್ಲಿ ನಿಂತಿತ್ತು.

"ಸಿಕ್ಬಿಟ್ಟ."

ಅಷ್ಟೇ. ಕೊಂದಿತು ಅನ್ನಲಿಲ್ಲ. ತುಳಿದಿತು ಅನ್ನಲಿಲ್ಲ. ಪೇಪರಿನಲ್ಲಿ 'ಆನೆ ದಾಳಿಗೆ ಯುವಕ ಬಲಿ' ಎಂದು ಬಂದಿರಬೇಕು. ಬಲಿ ಎಂದರೆ ಕೊಡುವವರು ಬೇಕು, ತೆಗೆದುಕೊಳ್ಳುವವರು ಬೇಕು. ಇವಳ ಮಾತಿನಲ್ಲಿ ಕರ್ತೃ ತಮ್ಮನೇ. ಅವನು ಸಿಕ್ಕ. ಆನೆ ಸುಮ್ಮನೆ ಅಲ್ಲಿತ್ತು, ಮಂಜಿನ ಹಾಗೆ.

ಇದು ಕ್ಷಮೆಯೋ, ಸುಸ್ತೋ, ದಿನಾ ಅದೇ ದಾರಿಯಲ್ಲಿ ನಡೆದು ಬರಬೇಕಾದವಳ ಜಾಣತನವೋ? ನನಗೆ ತಿಳಿಯಲಿಲ್ಲ. ಅವಳ ಒಂದು ಪದ ನನ್ನ ಇಡೀ ಪಟ್ಟಿಗಿಂತ ಭಾರವಾಗಿದೆ. ಅದನ್ನು ಪ್ರಬಂಧದಲ್ಲಿ ಬಳಸಬಹುದೇ? ಕೇಳಬೇಕು. ಕೇಳದೆ ಬರೆಯುವುದಿಲ್ಲ.

ಡಿಸೆಂಬರ್ 2. ಸೋಮವಾರ

ಮಳೆ. ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತು, ಅದರ ಮಳೆ ಇಲ್ಲಿಯವರೆಗೂ ಬಂತು. ಕಣದಲ್ಲಿ ಅರೇಬಿಕಾ ಹರಡಿತ್ತು. ಎಲ್ಲರೂ ಓಡಿದೆವು. ಟಾರ್ಪಾಲು ಸಾಲಲಿಲ್ಲ. ಕೊಯ್ದ ಭತ್ತ ಇನ್ನೂ ಗದ್ದೆಯಲ್ಲೇ ಇದೆ.

ಅಣ್ಣ: "ಹಿಡ್ಕಂಡುಬಿಡ್ತು ಮಳೆ." ಜ್ವರವೂ ಹಿಡಿಯುತ್ತದೆ, ದೆವ್ವವೂ ಹಿಡಿಯುತ್ತದೆ. ಜೂನ್‌ನಲ್ಲಿ ಇದೇ ಅಣ್ಣ ಮಳೆ 'ಕಚ್ಚಿಕೊಂಡಿದೆ' ಎಂದು ಖುಷಿಯಿಂದ ಹೇಳುತ್ತಾನೆ.

ಡಿಸೆಂಬರ್ 3

ಮಳೆ. ಕಾಫಿ ಬೂಷ್ಟು ಹಿಡಿಯುವ ವಾಸನೆ. ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 4. ಬುಧವಾರ

ಅರ್ಜುನ ಹೋಗಿ ಇವತ್ತಿಗೆ ಒಂದು ವರ್ಷ.

ಇದೇ ಯಸಳೂರು ವಲಯದಲ್ಲಿ, ದಬ್ಬಳ್ಳಿಕಟ್ಟೆಯಲ್ಲಿ. ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆತಂದಿದ್ದ ಸಾಕಾನೆ, ಮದವೇರಿದ್ದ ಸಲಗದ ಜೊತೆ ಕಾದಾಡುತ್ತ ಸತ್ತ. 2012ರಿಂದ 2019ರವರೆಗೆ ಮೈಸೂರು ದಸರೆಯಲ್ಲಿ 750 ಕೆಜಿಯ ಚಿನ್ನದ ಅಂಬಾರಿ ಹೊತ್ತವನು. ಸುದ್ದಿ ಕೇಳಿ ನಾನೂ ಅತ್ತಿದ್ದೆ. ಅಣ್ಣ, ಅತ್ತಿಗೆ, ಇಡೀ ತಾಲ್ಲೂಕು.

ಆ ವಾರದ ಪೇಪರುಗಳೂ ಅಟ್ಟದ ಕಟ್ಟಿನಲ್ಲಿದ್ದವು. ವೀರಮರಣ. ಹುತಾತ್ಮ. ಅಗಲಿದ. ಅಂತಿಮ ನಮನ. ಎಲ್ಲ ಮನುಷ್ಯರಿಗೆ ಇಡುವ ಪದಗಳು, ಅದರಲ್ಲೂ ಸೈನಿಕರಿಗೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ದುಃಖ ನಿಜವಾಗಿತ್ತು. ಆದರೆ ಅದೇ ವಾಕ್ಯದ ಇನ್ನೊಂದು ತುದಿಯಲ್ಲಿ ಇನ್ನೊಂದು ಆನೆ ಇತ್ತು. ಅರ್ಜುನ 'ಹೋರಾಡಿದ', ಅದು 'ದಾಳಿ ಮಾಡಿತು'. ಅರ್ಜುನ ಅವನು, ಅದು ಅದು. ಎರಡೂ ಒಂದೇ ಜಾತಿ, ಒಂದೇ ತೋಪು, ಒಂದೇ ಗಳಿಗೆ.

ಅರ್ಜುನನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಂದರೆ ಅವನೂ ಒಂದು ಕಾಲಕ್ಕೆ 'ಅದು' ಆಗಿದ್ದವನು. ಹಿಂಡಿನ ಒಂದು ಮರಿ. ಹಿಡಿದು, ಹೆಸರಿಟ್ಟು, 'ಅವನು' ಮಾಡಿದರು. ಹೆಸರು ಅವನಿಗೆ ಕೊಟ್ಟದ್ದೆಷ್ಟು, ಕಿತ್ತುಕೊಂಡದ್ದೆಷ್ಟು? ಬೀಟಮ್ಮನ ಹೆಸರು ಬೇರೆ ಥರದ್ದು. ಅವಳು ಹೆಸರಿದ್ದೂ ತನ್ನ ದಾರಿಯಲ್ಲೇ ಇದ್ದಾಳೆ.

ಅಕ್ಕಮಹಾದೇವಿಯ ಒಂದು ವಚನ ಇವತ್ತೆಲ್ಲ ತಲೆಯಲ್ಲಿ ಸುತ್ತುತ್ತಿದೆ, ಸೆರೆಸಿಕ್ಕ ಆನೆ ತನ್ನ ವಿಂಧ್ಯವನ್ನು ನೆನೆಯುವಂತೆ ತಾನೂ ನೆನೆಯುವೆ ಎನ್ನುವುದು. ಹನ್ನೆರಡನೇ ಶತಮಾನದ್ದು. ಆನೆಯ ದುಃಖ ಎಂದಾಗಲಿ, ನೋವು ಎಂದಾಗಲಿ ಅವಳು ಹೇಳುವುದಿಲ್ಲ. ನೆನೆಯುವುದು, ಅಷ್ಟೇ. ಆ ಒಂದು ಕ್ರಿಯೆಯನ್ನು ಆನೆಗೂ ತನಗೂ ಸಮನಾಗಿ ಕೊಟ್ಟು ಸುಮ್ಮನಾಗುತ್ತಾಳೆ. ಮಮ್ಮಟನನ್ನು ಓದಿ ಬರೆದದ್ದಲ್ಲ ಅದು. ತನ್ನ ಊರು ಬಿಟ್ಟು ನಡೆದವಳ ಮಾತು.

ಅವಳು ಆನೆಯನ್ನು ತನ್ನ ಹಂಬಲಕ್ಕೆ ಬಳಸಿಕೊಂಡಳು ಎಂದು ಯಾರಾದರೂ ಹೇಳಬಹುದು. ನಾನೂ ಹಾಗೆ ಯೋಚಿಸಿದೆ. ಆದರೆ ವಚನ ಓದಿದ ಮೇಲೆ ಸರಪಳಿಯ ಆನೆಯನ್ನು ಮೊದಲಿನಂತೆ ನೋಡಲು ಆಗುವುದಿಲ್ಲ. ಆನೆಗೆ ಅದರಿಂದ ಲಾಭವಾಯಿತೇ? ಕಾಕನಕೋಟೆಯವರಿಗೂ ಆ ವಚನ ಗೊತ್ತಿತ್ತು ತಾನೇ.

ಡಿಸೆಂಬರ್ 8. ಭಾನುವಾರ

ಬಿಸಿಲು. ಭತ್ತದಲ್ಲಿ ಸ್ವಲ್ಪ ಮೊಳಕೆ ಬಂದಿದೆ. ಉಳಿದದ್ದು ಒಣಗುತ್ತಿದೆ.

ಕರಡು ಮುಗಿಯಿತು. ವಿಶೇಷಣಗಳನ್ನು ಹುಡುಕಿ ಹುಡುಕಿ ತೆಗೆದೆ. 'ದೈತ್ಯ' ಹೋಯಿತು. 'ಗಂಭೀರ' ಹೋಯಿತು. 'ದಟ್ಟ ಕಾಡು' ಹೋಗಿ ಹಡ್ಲು ಗದ್ದೆ, ಲಂಟಾನ ಬಂದವು. ಹೆದರಿಕೆ, ಭಯ, ಆತಂಕ ಎಲ್ಲೂ ಇಲ್ಲ. ಬಹುವಚನದಲ್ಲಿ ಬರೆದೆ: ಬಂದವು, ಇಳಿದವು, ನಿಂತವು. ಬಹುವಚನದಲ್ಲಿ ಅದು, ಅವನು ಎಂಬ ಜಗಳ ಸ್ವಲ್ಪ ತಣ್ಣಗಾಗುತ್ತದೆ. 'ಅವು' ಎನ್ನುವುದರಲ್ಲಿ ಒಂದು ಸಂಸಾರ ಕಾಣುತ್ತದೆ, ಮುಂದೆ ನಡೆಯುವ ಹಿರಿಯಳು, ನಡುವೆ ಮರಿ. ಕೀನ್ಯಾದ ಅಂಬೋಸೆಲಿಯಲ್ಲಿ ದಶಕಗಳ ಕಾಲ ಆನೆ ನೋಡಿದವರು ಹೇಳುವುದೂ ಇದನ್ನೇ: ಹಿರಿಯ ಹೆಣ್ಣಾನೆಯ ನೆನಪೇ ಗುಂಪಿನ ದಾರಿ.

ಹಣ್ಣು ಕುಯ್ಯುವವಳನ್ನು ಕೇಳಿದೆ. ಬರೀರಿ ಅಕ್ಕ, ಅವನ ಹೆಸರು ಬೇಡ ಅಂದಳು. ಅವಳ ತಮ್ಮನಿಗೆ ಹೆಸರು ಬೇಡ. ಆನೆಗಳಿಗೆ ಇದೆ. ಸಂಜೆಯವರೆಗೂ ಇದನ್ನು ಪಕ್ಕಕ್ಕಿಡಲು ಆಗಲಿಲ್ಲ.

ಡಿಸೆಂಬರ್ 11. ಬುಧವಾರ, ರಾತ್ರಿ

ಕರಡನ್ನು ಅತ್ತಿಗೆಗೆ ಕೊಟ್ಟಿದ್ದೆ. ಎರಡು ಸಲ ಓದಿದರು. ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇದರಲ್ಲಿ ನಮ್ಮ ಹೆದರಿಕೆ ಎಲ್ಲಿದೆ?" ಎಂದು ಕೇಳಿದರು.

ಬಾಗಿಲಿಗೆ ಹೋಗಿ ನಿಂತದ್ದು ಬರೆದಿದ್ದೇನಲ್ಲ ಅತ್ತಿಗೆ ಎಂದೆ.

"ಅದು ನಿನಗೆ ಗೊತ್ತು ಯಾಕೆ ನಿಂತೆ ಅಂತ. ಬೆಂಗಳೂರಲ್ಲಿ ಓದೋರಿಗೆ ಹೇಗೆ ಗೊತ್ತಾಗುತ್ತೆ? ಆನೆ ನೋಡಕ್ಕೆ ನಿಂತಿದ್ದಾಳೆ ಅಂದ್ಕೋತಾರೆ."

ಉತ್ತರ ಹೊಳೆಯಲಿಲ್ಲ. ಮಮ್ಮಟನ ಸಹೃದಯನಿಗೆ ಹೇಳದೆಯೂ ತಿಳಿಯುತ್ತದೆ. ಅವನು ಎಲ್ಲಿ ಕೂತಿದ್ದಾನೆ? ಕತ್ತಲಲ್ಲಿ ಮಗನಿಗೆ ಕಾದಿದ್ದಾನೆಯೇ ಎಂದಾದರೂ? ಹೇಳದೆ ಬಿಡುವುದು ಕೆಲವು ಸಲ ಓದುವವನ ಮೇಲಿನ ನಂಬಿಕೆ. ಕೆಲವು ಸಲ ಅನುಭವಿಸಿದವರ ಮಾತನ್ನು ಕಸಿದುಕೊಳ್ಳುವುದೂ ಹೌದೇನೋ. ಅಣ್ಣ ಪಕ್ಕದಲ್ಲೇ ಇದ್ದ, "ಸಾಕು ಬಿಡೇ, ಅವಳು ಸರಿಯಾಗೇ ಬರೆದಾಳೆ" ಎಂದ. ಅತ್ತಿಗೆ ಒಪ್ಪಿದಂತೆ ಕಾಣಲಿಲ್ಲ. ನನಗೂ ಅವರು ಒಪ್ಪುವುದು ಬೇಡವಾಗಿತ್ತು.

ಶುಕ್ರವಾರ ಕಳಿಸಬೇಕು. 'ಇಳಿದವು' ಇರಲಿ. 'ಸಿಕ್ಬಿಟ್ಟ' ಇರಲಿ, ಹೆಸರಿಲ್ಲದೆ. ಬಾಗಿಲಿನ ಆ ಭಾಗವನ್ನು ಪೂರ್ತಿ ತೆಗೆದು ನಾಳೆ ಅತ್ತಿಗೆಯನ್ನು ಕೂರಿಸಿಕೊಂಡು ಅವರು ಹೇಳಿದಂತೆ ಬರೆದುಕೊಳ್ಳುತ್ತೇನೆ, ಹೆದರಿಕೆ ಎಂಬ ಪದ ಅವರು ಎಷ್ಟು ಸಲ ಅಂದರೆ ಅಷ್ಟು ಸಲ.